ಮೆಂತ್ಯ ಬಳಿದ ಕಹಳೆ

ಕಿವಿ ಮಂದವಾದವರನ್ನು ಕಂಡರೆ ಜನ ಒಂದೋ ಕಿರುಚುತ್ತಾರೆ, ಇಲ್ಲವೇ ನಗುತ್ತಾರೆ. ಎರಡನ್ನೂ ಮಾಡದವರನ್ನು ನಾನು ಹೆಚ್ಚು ಕಂಡಿಲ್ಲ. ನಮ್ಮ ಅತ್ತೆಗೆ ಕೇಳಿಸುವುದು ಕಡಿಮೆಯಾಗುತ್ತಾ ಬಂದ ಕಾಲದಲ್ಲಿ ಶ್ರೀನಿವಾಸಪುರದ ನಮ್ಮ ಬೀದಿಯವರು ಅವರ ಬೆನ್ನ ಹಿಂದೆ ಆಡಿದ ಮಾತೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ನನ್ನ ಕಿವಿ ಆಗ ಬಹಳ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕೇಳಿಸಿಕೊಂಡದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದೆ. ಅದಕ್ಕೇ ನನಗೆ ಗಯ್ಯಾಳಿ ಸೊಸೆ ಎಂದು ಹೆಸರು ಬಂತು. ಬರಲಿ ಬಿಡಿ, ಅದರಿಂದ ನನಗೇನೂ ನಷ್ಟವಾಗಲಿಲ್ಲ.

ಯುದ್ಧ ನಡೆಯುತ್ತಿದ್ದ ಕಾಲ ಅದು. ನಾನು ಮಾಲೂರಿನ ಕಡೆಯಿಂದ ಮದುವೆಯಾಗಿ ಬಂದವಳು. ಮನೆಯಲ್ಲಿದ್ದದ್ದು ಅತ್ತೆ, ಮಾವ, ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರಾಗಿದ್ದ ನಮ್ಮ ಯಜಮಾನರು ಮತ್ತು ನಾನು. ಇದ್ದೊಬ್ಬ ನಾದಿನಿಯನ್ನು ಮದರಾಸಿಗೆ ಕೊಟ್ಟಿತ್ತು. ಊರಾಚೆ ಮಾವಿನ ತೋಪು. ಕಾಯಿ ಇಳಿಸುವ ಕಾಲದಲ್ಲಿ ಹಜಾರದಿಂದ ಹಿತ್ತಲಿನವರೆಗೆ ಹುಲ್ಲು, ಬುಟ್ಟಿ, ಕಾಯಿ. ಕಾಲಿಡಲು ಜಾಗ ಹುಡುಕಬೇಕಾಗಿತ್ತು.

ಅತ್ತೆ ದೊಡ್ಡ ಹಾಡುಗಾರ್ತಿಯೇನಲ್ಲ. ಆದರೆ ಹಸೆಗೆ ಕರೆಯುವುದಿರಲಿ, ಆರತಿ ಎತ್ತುವುದಿರಲಿ, ಮೊದಲ ಸಾಲು ಅವರೇ ಎತ್ತಿಕೊಡಬೇಕಿತ್ತು. ಕನ್ನಡದಲ್ಲಿ ಎಷ್ಟು ಹಾಡು ಬರುತ್ತಿತ್ತೋ ತೆಲುಗಿನಲ್ಲೂ ಅಷ್ಟೇ ಬರುತ್ತಿತ್ತು. ಮಗಳಿಗೆ ಹಾಡು ಕಲಿಸಿದ್ದು ಅವರೇ, ಒಲೆಯ ಮುಂದೆ ಕೂರಿಸಿಕೊಂಡು. ಆಮೇಲೆ ಮಗಳು ಮದರಾಸಿನಲ್ಲಿ ಪಾಠಕ್ಕೆ ಹೋಗಿ ತಾಯಿಯನ್ನು ಮೀರಿಸಿದಳಂತೆ. ಅಂತೆ ಎನ್ನುವುದಕ್ಕೆ ಕಾರಣವಿದೆ. ಅವಳು ಮೀರಿಸಿದ್ದನ್ನು ತಾಯಿ ಕೇಳಿಯೇ ಇರಲಿಲ್ಲ.

ಅವಳು ಊರಿಗೆ ಬಂದು ಎರಡು ವರ್ಷ ದಾಟಿತ್ತು. ರೈಲಿನಲ್ಲಿ ಸಿಪಾಯಿಗಳೇ ತುಂಬಿರುತ್ತಿದ್ದರು. ಮದರಾಸಿಗೆ ಬಾಂಬು ಬೀಳುತ್ತದೆ ಎಂದು ಹೆದರಿ ಅವಳ ಗಂಡನ ಮನೆಯವರು ಒಮ್ಮೆ ಊರು ಬಿಟ್ಟರು, ಮತ್ತೆ ಬಂದರು. ಅಷ್ಟರಲ್ಲಿ ಅವಳಿಗೆ ಒಂದು ಮಗುವೂ ಆಯಿತು, ಅದೂ ಅಲ್ಲೇ. ಅತ್ತೆ ಒಮ್ಮೆ ಹೊರಟು ನಿಂತಿದ್ದರು. ಹೊರಡುವ ಹೊತ್ತಿಗೆ ಜ್ವರ ಬಂತು. ವಾರಗಟ್ಟಲೆ ಮಲಗಿಸಿದ ಜ್ವರ ಹೋಗುವಾಗ ಕಿವಿಯನ್ನೂ ಅರ್ಧ ತೆಗೆದುಕೊಂಡು ಹೋಯಿತು.

ಕೋಲಾರದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಅವರು ಕಿವಿಯಲ್ಲಿ ದೀಪ ಬಿಟ್ಟು ನೋಡಿದರು, ತಟ್ಟಿದರೆ ಗುಂಯ್‌ಗುಡುವ ಏನೋ ಕಬ್ಬಿಣದ ಕವಲನ್ನು ನೆತ್ತಿಯ ಮೇಲೆ ಇಟ್ಟು ಕೇಳಿಸುತ್ತದೆಯೇ ಎಂದರು. ಕೊನೆಗೆ ನನ್ನನ್ನು ಪಕ್ಕಕ್ಕೆ ಕರೆದು, ಇರುವುದೂ ನಿಧಾನವಾಗಿ ಹೋಗುತ್ತದೆ, ಔಷಧವಿಲ್ಲ ಎಂದರು. ಪಕ್ಕಕ್ಕೆ ಯಾಕೆ ಕರೆದರೋ ನನಗೆ ಇಂದಿಗೂ ಅರ್ಥವಾಗಿಲ್ಲ. ಎದುರಿಗೇ ಹೇಳಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಆದರೆ ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡರು. ಬಸ್ಸಿನಲ್ಲಿ ಕೂತಮೇಲೆ ಅವರು ಹೇಳಿದ ಮಾತು ಇಷ್ಟೇ:

"ಹೋಗೋದಾದ್ರೆ ಹೋಗ್ಲಿ ಕಣೇ. ಅದಕ್ಕೆ ಮುಂಚೆ ಒಂದ್ಸಲ ಅವಳ ಹಾಡು ಕೇಳಿಸ್ಕೊಂಡ್ಬಿಡ್ಬೇಕು."

ಕಿವುಡರು ಗುಟ್ಟು ಹೇಳಲಾರರು. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಅವರನ್ನೆಲ್ಲ ದುರುಗುಟ್ಟಿಕೊಂಡು ನೋಡಿದೆ. ಆ ಬಸ್ಸು ಬೇರೆ ಇದ್ದಿಲು ಗ್ಯಾಸಿನದು, ಏರು ಬಂದರೆ ಜನ ಇಳಿದು ತಳ್ಳಬೇಕು. ಅತ್ತೆ ಇಳಿಯಲಿಲ್ಲ. ಅವರು ಇಳಿಯಲಿ ಎಂದು ಹೇಳುವ ಧೈರ್ಯ ಆ ಕಂಡಕ್ಟರಿಗೆ ನನ್ನನ್ನು ನೋಡಿ ಬರಲಿಲ್ಲ.

ಮಾವನವರ ವಿಷಯ ಹೇಳಬೇಕು. ಒಳ್ಳೆಯ ಮನುಷ್ಯರೇ, ಆದರೆ ಏನನ್ನೂ ಒಬ್ಬರೇ ಅನುಭವಿಸಿ ಗೊತ್ತಿಲ್ಲದವರು. ಹೊಸ ಕೊಡೆ ಕೊಂಡರೂ ನಾಲ್ಕು ಜನರ ಮುಂದೆ ಬಿಚ್ಚಿ ಮಡಚಬೇಕು. ತೋಪಿನ ಮೊದಲ ರಸಪುರಿ ಹಣ್ಣನ್ನು ಜಗಲಿಯ ಮೇಲೆ ಕುಳಿತೇ ತಿನ್ನಬೇಕು. ಯುದ್ಧದ ಸುದ್ದಿಗೆಂದು ಅವರು ಒಂದು ರೇಡಿಯೋ ತರಿಸಿದರು. ಹಾಗೆಂದು ಅವರು ಹೇಳಿದ್ದು. ಮುಳ್ಳು ಮಾತ್ರ ಯಾವಾಗಲೂ ಮದರಾಸಿನ ಹತ್ತಿರವೇ ನಿಂತಿರುತ್ತಿತ್ತು. ಮಗಳ ಮದುವೆಯಾದ ಮೇಲೆ ಆ ಮನುಷ್ಯ ಊಟಕ್ಕೆ ಕೂತಾಗ ಪಕ್ಕದಲ್ಲಿ ಅವಳು ಕೂರುತ್ತಿದ್ದ ಮಣೆಯನ್ನು ತಿರುಗಿ ನೋಡುತ್ತಿದ್ದದ್ದನ್ನು ನಾನು ಕಂಡಿದ್ದೇನೆ.

ಊರಿಗೆ ಕರೆಂಟು ಬಂದಿರಲಿಲ್ಲ. ರೇಡಿಯೋ ನಡೆಯುತ್ತಿದ್ದದ್ದು ಬ್ಯಾಟರಿಯ ಮೇಲೆ. ಒಂದು ಒಣ ಬ್ಯಾಟರಿ ಇಟ್ಟಿಗೆಯಷ್ಟು ದಪ್ಪ, ಇನ್ನೊಂದು ಗಾಜಿನ ಜಾಡಿಯಲ್ಲಿ ಆಸಿಡ್ಡು ತುಂಬಿದ್ದು. ಆಸಿಡ್ಡಿನದು ಸೊರಗಿದಾಗ ಬಸ್ಸಿನ ಮೇಲೆ ಕೋಲಾರಕ್ಕೆ ಕಳಿಸಿ ಚಾರ್ಜು ಮಾಡಿಸಿ ತರಿಸಬೇಕಿತ್ತು. ಬ್ಯಾಟರಿ ಬೇಗ ಮುಗಿಯದಿರಲಿ ಎಂದು ಆ ಪೆಟ್ಟಿಗೆಯಲ್ಲಿ ವಾಲ್ವುಗಳನ್ನೂ ಕಡಿಮೆ ಇಟ್ಟಿದ್ದರು. ಅದರ ಫಲವಾಗಿ ಅದರ ದನಿ ಬಹಳ ಸಣ್ಣದು. ಮಾವ ಊರಿನ ಹಿರಿಯರನ್ನೆಲ್ಲ ಕರೆದು ಜಗಲಿಯ ಮೇಲೆ ಕೂರಿಸಿದರೆ, ಮುಂದೆ ಕೂತವರು ಕೇಳಿ ಹಿಂದಿನವರಿಗೆ ಹೇಳಬೇಕಾಗಿತ್ತು. ಲಂಡನ್ನಿನ ಸುದ್ದಿ ನಮ್ಮ ಜಗಲಿಯ ಆ ತುದಿ ತಲುಪುವಷ್ಟರಲ್ಲಿ ಎಷ್ಟು ಹಡಗು ಮುಳುಗುತ್ತಿದ್ದವೋ ದೇವರಿಗೇ ಗೊತ್ತು.

ಅತ್ತೆಯ ಪಾಲಿಗಂತೂ ಅದೊಂದು ಬೀರು. ಮೇಲೆ ಕಸೂತಿ ಬಟ್ಟೆ ಹೊದಿಸಿ ದಿನಾ ಧೂಳು ಒರೆಸುತ್ತಿದ್ದರು, ಅಷ್ಟೇ.

ಒಂದು ದಿನ ನಾದಿನಿಯಿಂದ ಕಾರ್ಡು ಬಂತು. ಮದರಾಸಿನ ರೇಡಿಯೋದಲ್ಲಿ ಅವಳನ್ನು ಹಾಡಲು ಕರೆದಿದ್ದಾರೆ, ಮುಂದಿನ ತಿಂಗಳು ಇಂಥ ದಿನ, ಸಂಜೆ ದೀಪ ಹಚ್ಚುವ ಹೊತ್ತಿಗೆ, ಎರಡು ಹಾಡು. ಮಾವ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಬಜಾರಿಗೆ ಹೋದರು. ಮಾವಿನ ಮಂಡಿಯಿಂದ ಬಸ್‌ಸ್ಟಾಂಡಿನವರೆಗೆ ಹೇಳಿ ಬಂದರು. ಅತ್ತೆ ಕಾರ್ಡನ್ನು ಓದಿಸಿಕೊಂಡು, ಮಡಿಲಲ್ಲಿಟ್ಟುಕೊಂಡು, ರೇಡಿಯೋವನ್ನು ನೋಡುತ್ತಾ ಕುಳಿತರು. ಮಗಳು ಮನೆಗೇ ಬರುತ್ತಾಳೆ, ಹಜಾರದಲ್ಲೇ ಕೂತು ಹಾಡುತ್ತಾಳೆ, ಆದರೆ ತನಗೆ ಕೇಳಿಸುವುದಿಲ್ಲ. ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆ ದಿನದಿಂದ ನಮ್ಮ ಯಜಮಾನರ ತಲೆಗೆ ಹುಳು ಹೊಕ್ಕಿತು. ಮೇಷ್ಟರಾದರೂ ಅವರಿಗೆ ಬಿಚ್ಚುವ ಜೋಡಿಸುವ ಚಾಳಿ. ಮನೆಯ ಗಡಿಯಾರ ಎರಡು ಸಲ ಅವರ ಕೈಯಲ್ಲಿ ಸತ್ತು ಒಂದು ಸಲ ಬದುಕಿತ್ತು. ಸೆಟ್ಟಿನ ಶಕ್ತಿ ಹೆಚ್ಚಿಸಲು ಆಗುವುದಿಲ್ಲ, ಹೆಚ್ಚು ಬ್ಯಾಟರಿ ಕೊಟ್ಟರೆ ವಾಲ್ವು ಸುಟ್ಟು ಹೋಗುತ್ತದೆ, ಆದ್ದರಿಂದ ಅದು ಕೊಡುವ ಅಷ್ಟಿಷ್ಟು ದನಿಯಲ್ಲಿ ಒಂದು ಹನಿಯೂ ಪೋಲಾಗಬಾರದು ಎಂದು ಅವರು ನನಗೆ ಬಿಡಿಸಿ ಹೇಳಿದರು. ಪೆಟ್ಟಿಗೆಯೊಳಗಿನ ಕಾಗದದ ಸ್ಪೀಕರು ಬಂದದ್ದರಲ್ಲಿ ಮುಕ್ಕಾಲು ಪಾಲನ್ನೂ ಹಾಳು ಮಾಡುತ್ತದಂತೆ. ಹಳೆಯ ಕಾಲದ ಹಾರ್ನ್ ಸ್ಪೀಕರು, ಅಂದರೆ ಕಹಳೆ ಇಟ್ಟದ್ದು, ಅಷ್ಟೇ ಕರೆಂಟಿನಲ್ಲಿ ಹತ್ತು ಪಾಲು ಗಟ್ಟಿಯಾಗಿ ನುಡಿಯುತ್ತದಂತೆ. ನನಗೆ ಊದುಕೊಳವೆ ನೆನಪಾಯಿತು. ಬರಿಯ ಬಾಯಲ್ಲಿ ಊದಿದರೆ ಬೂದಿ ಹಾರುತ್ತದೆ. ಅದೇ ಉಸಿರನ್ನು ಕೊಳವೆಯಲ್ಲಿ ಊದಿದರೆ ಹಸಿ ಸೌದೆಯೂ ಹತ್ತಿಕೊಳ್ಳುತ್ತದೆ. ಹಾಗೆಂದು ಹೇಳಿದಾಗ ಅವರು, ಹೆಚ್ಚುಕಡಿಮೆ ಅದೇ, ಎಂದರು. ಮೇಷ್ಟರು ಹೆಚ್ಚುಕಡಿಮೆ ಎಂದರೆ ತಪ್ಪು ಎಂದರ್ಥ. ನಾನು ಮುಂದೆ ಕೇಳಲಿಲ್ಲ.

ಚಿನ್ನದ ಗಣಿಯ ದೊರೆಗಳು ತಮ್ಮ ದೇಶಕ್ಕೆ ಹೋಗುವಾಗ ಮನೆ ಸಾಮಾನನ್ನೆಲ್ಲ ಹರಾಜು ಹಾಕುತ್ತಿದ್ದರು. ಅಂಥ ಸಾಮಾನು ಕೋಲಾರದ ಗುಜರಿ ಅಂಗಡಿಗೆ ಬರುತ್ತಿತ್ತು. ಅಲ್ಲಿಂದ ಇವರು ಒಂದು ಹಾರ್ನಿನ ಬುಡವನ್ನು ತಂದರು. ಬುಡ ಮಾತ್ರ, ಮೇಲಿನ ಕಹಳೆ ಇಲ್ಲ. ಅಂಗೈಯಲ್ಲಿ ಹಿಡಿಸುವ ಕಪ್ಪು ಡಬ್ಬಿ. ಒಳಗೆ ಅಯಸ್ಕಾಂತ, ಅದರ ಮುಂದೆ ತೆಳ್ಳನೆಯ ತಗಡು, ತಗಡಿನ ಮೇಲೆ ಬೆರಳು ತೂರುವಷ್ಟು ಒಂದು ಕೊರಳು. ರೇಡಿಯೋಗೆ ತಂತಿ ಸಿಕ್ಕಿಸಿದರೆ ಆ ಕೊರಳಿನಿಂದ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸದ್ದು ಬಂತು. ಮಾವ ಬಗ್ಗಿ ನೋಡಿ, ಇದ್ದ ದನಿಯನ್ನೂ ಕಳೆದೆಯಲ್ಲೋ ಎಂದು ಮಗನಿಗೆ ಹೇಳಿ ಹೋದರು. ಕಹಳೆ ಬಂದಮೇಲೆ ನೋಡಿ ಎಂದು ಇವರು ಗೊಣಗಿದರು.

ಕಹಳೆ ಎಲ್ಲಿಂದ ಬರಬೇಕು? ಯುದ್ಧದ ಕಾಲದಲ್ಲಿ ತಗಡು ಸಿಗುತ್ತಿರಲಿಲ್ಲ. ಬಡಗಿ ಹಲಗೆಯಲ್ಲಿ ಮಾಡಬಲ್ಲೆ ಎಂದ. ಆದರೆ ಇವರು ಹಜಾರದ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದ ಆಕಾರ ನೋಡಿ ತಲೆ ಕೊಡವಿದ. ಅದು ನೆಟ್ಟಗಿನ ಲಾಳಿಕೆಯಲ್ಲ. ಬುಡದಲ್ಲಿ ಹೆಬ್ಬೆರಳಿನಷ್ಟು, ಬಹಳ ದೂರ ಸಣ್ಣದಾಗಿಯೇ ಬಂದು, ಆಮೇಲೆ ಬೇಗ ಬೇಗ ಅಗಲವಾಗುತ್ತಾ ಉಮ್ಮತ್ತದ ಹೂವಿನಂತೆ ಅರಳಿಕೊಳ್ಳಬೇಕು. ಉದ್ದ ಒಂದಾಳು.

ದಾರಿ ತೋರಿಸಿದ್ದು ಅತ್ತೆ. ಗೋಡೆಯ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಮಾವಿನ ಬುಟ್ಟಿ ಹೆಣೆಯುವವನನ್ನು ಕರೆಸು ಎಂದರು. ನಮ್ಮಲ್ಲಿ ಹಳೆಯ ಮೊರ, ಬುಟ್ಟಿಗಳಿಗೆ ಕಾಗದ ಮತ್ತು ಮೆಂತ್ಯ ನೆನೆಹಾಕಿ ಅರೆದು ಬಳಿಯುವ ಪದ್ಧತಿ ಇತ್ತು. ಒಣಗಿದರೆ ರಾಗಿ ಹಿಟ್ಟು ಕೂಡ ಸೋರುವುದಿಲ್ಲ. ಹಿಟ್ಟು ಸೋರದ ಕಡೆ ದನಿ ಹೇಗೆ ಸೋರುತ್ತದೆ? ಇದು ಅತ್ತೆಯ ವಾದ. ಇವರು ಎರಡು ದಿನ ಯೋಚಿಸಿ, ವಾದದಲ್ಲಿ ತಪ್ಪು ಸಿಗದೆ, ಒಪ್ಪಿಕೊಂಡರು.

ಬುಟ್ಟಿ ಹೆಣೆಯುವವನು ಮುಳಬಾಗಿಲ ಕಡೆಯವನು, ಪೂರ್ತಿ ತೆಲುಗು. ಗೋಡೆಯ ಚಿತ್ರ ನೋಡಿ ಇದರಲ್ಲಿ ಯಾವ ಕಾಯಿ ತುಂಬುತ್ತೀರಿ ಎಂದು ಕೇಳಿದ. ಹಾಡು ತುಂಬುತ್ತೇವೆ ಎಂದೆ. ಅವನು ಇವರ ಕಡೆ ತಿರುಗಿ, "ಅಮ್ಮಗಾರು ತಮಾಷಾ ಚೇಸ್ತುನ್ನಾರು" ಎಂದು ನಕ್ಕ. ಆದರೂ ಎಳೆ ಬಿದಿರನ್ನು ದಾರದಷ್ಟು ಸಣ್ಣಗೆ ಸೀಳಿಕೊಂಡು ಹಿತ್ತಲಿನಲ್ಲಿ ಕೂತು, ಇವರು ಹೇಳಿದ ಅಳತೆಗೆ ಒಂದು ಗೆರೆ ಆಚೀಚೆ ಆಗದಂತೆ ಹೆಣೆದುಕೊಟ್ಟ.

ಕಾಗದಕ್ಕೂ ಬರವೇ. ಇವರು ಸ್ಕೂಲಿನಿಂದ ಹಳೆಯ ಪರೀಕ್ಷೆಯ ಉತ್ತರಗಳ ಕಟ್ಟನ್ನು ಹೊತ್ತು ತಂದರು. ಶ್ರೀನಿವಾಸಪುರದ ಮಕ್ಕಳು ಬರೆದ ಭೂಗೋಳವೆಲ್ಲ ಬಾನಿಯಲ್ಲಿ ನೆನೆದು, ಮೆಂತ್ಯದ ಜೊತೆ ಒರಳಿಗೆ ಬಿತ್ತು. ಹಿಮಾಲಯ, ಗಂಗಾನದಿ ಯಾವುದನ್ನೂ ನಾನು ಬಿಡಲಿಲ್ಲ, ನುಣ್ಣಗೆ ಅರೆದೆ. ಅತ್ತೆ ಕೊನೆಗೆ ಹುಣಸೆ ಬೀಜದ ಅಂಟು ಕಲೆಸಿ, ಕಹಳೆಯ ಒಳಗೂ ಹೊರಗೂ ತೆಳ್ಳಗೆ ಬಳಿದರು. ಒಳಗಡೆ ಕೈ ಹೋಗದ ಕಡೆ ಸೌಟಿಗೆ ಬಟ್ಟೆ ಸುತ್ತಿ ಬಳಿದರು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಮಧ್ಯೆ ಬೆಣಚು ಕಲ್ಲಿನಿಂದ ತಿಕ್ಕಿ ನಯ ಮಾಡುವುದು. ಅಷ್ಟು ದಿನವೂ ಅವರು ಗೆಲುವಾಗಿದ್ದರು. ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ, ಕೈಯಲ್ಲೇ ಎಲ್ಲ ನಡೆಯುತ್ತಿತ್ತು. ಮನೆಯೆಲ್ಲ ಮೆಂತ್ಯದ ಘಾಟು. ಬೀದಿಯವಳೊಬ್ಬಳು ಬಾಗಿಲಲ್ಲಿ ನಿಂತು, ಕಿವುಡರ ಮುಂದೆ ಶಂಖ ಊದೋಕೆ ಇಷ್ಟು ದೊಡ್ಡ ಶಂಖವೇ ಎಂದಳು. ನಾನು ಅವಳಿಗೆ ಏನೆಂದೆ ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಒಣಗಿದ ಕಹಳೆಯ ಬುಡಕ್ಕೆ ಆ ಡಬ್ಬಿಯ ಕೊರಳನ್ನು ಕೂರಿಸಿ ಸುತ್ತ ಜೇನುಮೇಣ ಮೆತ್ತಿದೆವು. ಬುಡ ಹಜಾರದ ನೆಲದ ಮೇಲೆ, ಬಾಯಿ ಮೇಲಕ್ಕೆ ಓರೆಯಾಗಿ ಜಗಲಿಯ ಬಾಗಿಲ ಕಡೆಗೆ. ಇವರು ತಂತಿ ಸಿಕ್ಕಿಸಿದರು. ಒಬ್ಬ ಗಂಡಸು ತೆಲುಗಿನಲ್ಲಿ ಸುದ್ದಿ ಓದುತ್ತಿದ್ದ. ನಿನ್ನೆಯವರೆಗೆ ಸೊಳ್ಳೆಯಂತಿದ್ದವನು ಇವತ್ತು ಹಜಾರದಲ್ಲೇ ಎದ್ದು ನಿಂತು ಮಾತಾಡಿದಂತೆ ಕೇಳಿಸಿತು. ಬೀದಿಯಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯವನು ಗಾಡಿ ನಿಲ್ಲಿಸಿದ. ಅದೇ ಬ್ಯಾಟರಿ, ಅದೇ ವಾಲ್ವು. ಹೆಚ್ಚಿಗೆ ಹಾಕಿದ್ದು ಮೆಂತ್ಯ ಮಾತ್ರ.

ಮಾವ ಬೆರಗಾಗಿ ಮಗನ ಬೆನ್ನು ತಟ್ಟಿದರು. ಆದರೆ ಇವರು ನೋಡುತ್ತಿದ್ದದ್ದು ತಾಯಿಯನ್ನು. ಅತ್ತೆ ಕಹಳೆಯ ಬಾಯಿಯ ಪಕ್ಕದಲ್ಲೇ ಕುಳಿತು, ಹುಬ್ಬು ಗಂಟಿಕ್ಕಿ ಕೇಳಿದರು. ಯಾರೋ ಮಾತಾಡುವುದು ತಿಳಿಯುತ್ತದೆ, ನಾಲ್ಕರಲ್ಲಿ ಒಂದು ಮಾತು ಸಿಗುತ್ತದೆ ಎಂದರು. ಹಾಡಾದರೆ ಇನ್ನೂ ಸ್ವಲ್ಪ ಹೆಚ್ಚು ಸಿಗಬಹುದು, ತಾನೇ ಕಲಿಸಿದ ಹಾಡಲ್ಲವೇ, ಮಿಕ್ಕದ್ದನ್ನು ತುಂಬಿಕೊಳ್ಳುತ್ತೇನೆ ಎಂದು ಮಗನಿಗೆ ಸಮಾಧಾನವನ್ನೂ ಹೇಳಿದರು. ನಾಲ್ಕಾಣೆ ಕೇಳಿ ಹನ್ನೆರಡಾಣೆ ತುಂಬಿಕೊಳ್ಳುವುದು! ಇವರು ಮುಖ ಸಣ್ಣದು ಮಾಡಿಕೊಂಡರು. ಇನ್ನೂ ಉದ್ದದ ಕಹಳೆ ಮಾಡಲು ದಿನವಿರಲಿಲ್ಲ.

ಆ ದಿನ ಬಂತು. ಬ್ಯಾಟರಿ ಹಿಂದಿನ ದಿನವೇ ಕೋಲಾರದಿಂದ ಚಾರ್ಜಾಗಿ ಬಂದಿತ್ತು. ಮಾವ ಜಗಲಿಯ ಮೇಲೆ ಜಮಖಾನ ಹಾಸಿ, ಎಲೆ ಅಡಿಕೆ ಇಟ್ಟು, ಊರಿನ ಅರ್ಧ ಜನವನ್ನು ಕರೆದಿದ್ದರು. ಮಂಡಿಯವರು, ಸ್ಕೂಲಿನವರು, ಬೈರಕೂರಿನಿಂದ ಮಾವನವರ ತಮ್ಮ, ಎಲ್ಲರೂ ಬಂದು ಕುಳಿತರು. ಮಾವ ಹೊಸ ಅಂಗವಸ್ತ್ರ ಹೊದ್ದು, ಬಾಗಿಲಿಗೆ ಹತ್ತಿರದ ಜಾಗದಲ್ಲಿ ಕುಳಿತರು. ಒಳಗೆ ಹಜಾರದಲ್ಲಿ ಅತ್ತೆ, ನಾನು, ಇವರು.

ಇವರು ಹೊತ್ತಿಗೆ ಸರಿಯಾಗಿ ರೇಡಿಯೋ ಹಚ್ಚಿದರು. ಕಹಳೆಯಿಂದ ಬಂದದ್ದು ಮಾತಲ್ಲ. ಬಾಣಲೆಯಲ್ಲಿ ಕಡಲೆ ಹುರಿದಂತೆ ಚರಚರ ಸದ್ದು, ಅದರ ನಡುವೆ ಎಲ್ಲೋ ಒಂದು ಮನುಷ್ಯರ ದನಿ. ಇವರು ಮುಳ್ಳು ತಿರುಗಿಸಿದರು, ತಂತಿ ಎಳೆದರು, ವಾಲ್ವು ಮುಟ್ಟಿ ನೋಡಿದರು. ಜಾಸ್ತಿಯಾಗುತ್ತಿದ್ದದ್ದು ಚರಚರವೇ. ಹಣೆಯ ಮೇಲೆ ಬೆವರು ಇಳಿಯಿತು. ಜಗಲಿಯ ಮೇಲೆ ಯಾರೋ ಕೆಮ್ಮಿದರು, ಇನ್ಯಾರೋ ನಕ್ಕರು.

ಆಗ ನನ್ನ ಕಣ್ಣಿಗೆ ಕಹಳೆಯ ಅಂಚಿಗೆ ಅಂಟಿದ್ದ ಒಂದು ಹಳದಿ ಕಾಳು ಬಿತ್ತು. ಅಕ್ಷತೆ.

ಮಧ್ಯಾಹ್ನ ಅತ್ತೆ ಕಹಳೆಗೆ ಪೂಜೆ ಮಾಡಿದ್ದರು. ಅದರಲ್ಲಿ ವಿಶೇಷವೇನೂ ಇಲ್ಲ. ಹೊಸ ಗಾಡಿ ಬರಲಿ, ಒನಕೆ ಬರಲಿ, ಬಾವಿಗೆ ರಾಟೆ ಬರಲಿ, ಮೊದಲು ಅರಿಶಿನ ಕುಂಕುಮ ಹಚ್ಚಿ ಅಕ್ಷತೆ ಹಾಕಿಯೇ ನಮ್ಮಲ್ಲಿ ಕೆಲಸಕ್ಕೆ ಹಚ್ಚುವುದು. ನಾನು ಪಕ್ಕದಲ್ಲೇ ಹೂವು ಕಟ್ಟುತ್ತಾ ಕುಳಿತಿದ್ದೆ, ನನಗೂ ಏನೂ ಅನ್ನಿಸಲಿಲ್ಲ. ಮಗಳು ಬರುವ ದಾರಿ ಅದು. ಅಂಥ ದಾರಿಗೆ ಅಕ್ಷತೆ ಹಾಕುವಾಗ ಯಾವ ತಾಯಿ ಅಂಚಿಗೆ ಎರಡು ಕಾಳು ಉದುರಿಸಿ ಸುಮ್ಮನಾಗುತ್ತಾಳೆ? ಹಿಡಿ ತುಂಬ ಹಾಕಿದ್ದರು, ಬಾಯಿಯ ಒಳಗೇ. ಅವರೇ ತಿಕ್ಕಿ ನಯ ಮಾಡಿದ ಗೋಡೆಯ ಮೇಲೆ ಕಾಳುಗಳು ಸರಾಗವಾಗಿ ಜಾರಿ, ಕೊರಳು ದಾಟಿ, ಆ ತೆಳ್ಳನೆಯ ತಗಡಿನ ಮೇಲೆ ಹೋಗಿ ಕುಳಿತಿದ್ದವು.

ಇವರಿಗೆ ಹೇಳಿದೆ. ಒಂದು ಕ್ಷಣ ತಾಯಿಯ ಕಡೆ ನೋಡಿದರು. ಮೇಣ ಕಿತ್ತು, ಡಬ್ಬಿಯನ್ನು ಕಹಳೆಯಿಂದ ಬಿಡಿಸಿ, ಬೋರಲು ಹಾಕಿ ಕೊಡವಿದರು. ಅಕ್ಷತೆಯೆಲ್ಲ ನೆಲಕ್ಕೆ ಬಿತ್ತು. ಚರಚರ ನಿಂತಿತು. ಅವರ ಅಂಗೈಯಲ್ಲಿದ್ದ ಡಬ್ಬಿಯಿಂದ ಸಣ್ಣಗೆ, ಬಹಳ ಸಣ್ಣಗೆ, ಒಬ್ಬಳು ಹೆಂಗಸಿನ ದನಿ ಏಳುವುದು ನನಗೆ ಕೇಳಿಸಿತು. ನಾದಿನಿ ಆಗಲೇ ಶುರು ಮಾಡಿಬಿಟ್ಟಿದ್ದಳು.

ಅತ್ತೆ ನಮ್ಮಿಬ್ಬರ ಮುಖವನ್ನೂ ಒಂದಾದ ಮೇಲೆ ಒಂದು ನೋಡುತ್ತಿದ್ದರು. ನೆಲದ ಮೇಲಿನ ಅಕ್ಷತೆಯನ್ನೂ ಕಂಡರು. ಏನಾಯಿತೆಂದು ಅವರಿಗೆ ಅರ್ಥವಾದದ್ದು ಮುಖದ ಮೇಲೆ ಬಂತು. ಅದನ್ನು ನೋಡುವುದು ನನ್ನಿಂದ ಆಗಲಿಲ್ಲ. ಅಳುಕುತ್ತಾ ಕೇಳಿದರು, "ಹಾಡ್ತಿದಾಳಾ?"

ಅದು ಯೋಚನೆ ಮಾಡಿ ಮಾಡಿದ ಕೆಲಸವಲ್ಲ. ಇವರ ಕೈಯಿಂದ ಡಬ್ಬಿಯನ್ನು ಕಿತ್ತುಕೊಂಡು, ಅದರ ಕೊರಳನ್ನು ಅತ್ತೆಯ ಬಲಗಿವಿಗೆ ಒತ್ತಿ ಹಿಡಿದೆ.

ಅವರು ಮೊದಲು ಬೆಚ್ಚಿದರು. ಆಮೇಲೆ ಅವರ ಕೈ ಮೇಲೆ ಬಂದು ನನ್ನ ಕೈಯನ್ನು ಹಿಡಿಯಿತು, ಸರಿಸಲು ಅಲ್ಲ, ಇನ್ನೂ ಗಟ್ಟಿಯಾಗಿ ಒತ್ತಿಕೊಳ್ಳಲು. ಕಣ್ಣು ಮುಚ್ಚಿಕೊಂಡರು. ಬೆರಳು ತೊಡೆಯ ಮೇಲೆ ತಾಳ ಹಾಕಲು ಶುರುಮಾಡಿತು. ನಾನು ಬಗ್ಗಿದ್ದವಳು ಹಾಗೇ ಮಂಡಿಯೂರಿ ಕುಳಿತೆ. ತಾಳ ತಪ್ಪಲಿಲ್ಲ. ನಾಲ್ಕರಲ್ಲಿ ಒಂದು ಮಾತು ಕೇಳಿಸುವವರ ತಾಳವಲ್ಲ ಅದು. ಅವರಿಗೆ ಎಲ್ಲವೂ ಕೇಳಿಸುತ್ತಿತ್ತು.

ಇವರು ಅಷ್ಟರಲ್ಲಿ ಕಹಳೆಯನ್ನು ಅಲ್ಲಾಡಿಸಿ ಉಳಿದ ಕಾಳುಗಳನ್ನೂ ತೆಗೆದು, ಮೇಣ ಮೆತ್ತಗೆ ಮಾಡಿಕೊಂಡು ಸಿದ್ಧವಾಗಿ ನಿಂತಿದ್ದರು. ಡಬ್ಬಿ ಕೊಟ್ಟರೆ ಕೂರಿಸುವುದು ಕ್ಷಣದ ಕೆಲಸ. ಮೊದಲ ಹಾಡು ಇನ್ನೂ ಅರ್ಧವಿತ್ತು, ಎರಡನೆಯದು ಪೂರ್ತಿ ಇತ್ತು. ಜಗಲಿಯ ಮೇಲೆ ಗುಸುಗುಸು ಹೆಚ್ಚಾಯಿತು. ಬೈರಕೂರಿನವರು ದೊಡ್ಡ ದನಿಯಲ್ಲಿ ಏನಾಯಿತೆಂದು ಕೇಳಿದರು. ಮಾವ ಎದ್ದು ಹೊಸಿಲು ದಾಟಿ ಒಳಗೆ ಬಂದರು.

ನಾನು ಅವರನ್ನು ಎದುರಿಸಲು ತಯಾರಾಗಿದ್ದೆ. ಊರಿನ ಮುಂದೆ ಮಾನ ಹೋಗುತ್ತಿದೆ, ಕಹಳೆ ಕೂರಿಸು ಎಂದು ಒಂದು ಮಾತು ಬಂದರೆ ನಾನು ಕಚ್ಚುವವಳೇ. ಮಾವ ಎಂದು ನೋಡುತ್ತಿರಲಿಲ್ಲ. ಮಗ ಕಹಳೆಯನ್ನು ತೋರಿಸಿ, "ಅಪ್ಪಾ, ಈಗ್ಲೇ ಕೂರಿಸ್ಬೋದು" ಎಂದರು.

ಮಾವ ಕಹಳೆಯನ್ನು ನೋಡಿದರು. ಆಮೇಲೆ ತಮ್ಮ ಹೆಂಡತಿಯನ್ನು ನೋಡಿದರು. ಅತ್ತೆಗೆ ಅವರು ಬಂದದ್ದು ಗೊತ್ತೇ ಇರಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಗಲ್ಲದವರೆಗೆ ಬಂದಿತ್ತು. ತಾಳ ಮಾತ್ರ ನಡೆಯುತ್ತಲೇ ಇತ್ತು. ಮಾವ ಒಂದು ಹೆಜ್ಜೆ ಮುಂದೆ ಬಂದು, ಡಬ್ಬಿಯ ಕಡೆ ಸ್ವಲ್ಪ ಬಗ್ಗಿದರು. ಅಷ್ಟು ಹತ್ತಿರ ಇದ್ದ ನನಗೇ ಒಂದೆಳೆ ಸದ್ದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಅವರಿಗೆ ಎಷ್ಟು ಕೇಳಿಸಿರಬೇಕು? ಅವರಿಗೂ ಅವಳು ಮಗಳೇ. ಅವಳ ದನಿ ಕೇಳಿ ಅವರಿಗೂ ಎರಡು ವರ್ಷ ದಾಟಿತ್ತು.

ಅವರು ಮಗನ ಕಡೆ ತಿರುಗಿ, "ಬೇಡ, ಬಿಡು" ಎಂದರು.

ಹೊರಗೆ ಹೋಗಿ ತಮ್ಮ ಜಾಗದಲ್ಲಿ ಕುಳಿತರು. ಅಲ್ಲಿದ್ದವರಿಗೆ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಗುಸುಗುಸು ನಿಂತಿತು. ಯಾರೂ ಎದ್ದು ಹೋಗಲಿಲ್ಲ. ಅಷ್ಟು ಜನ ಗಂಡಸರು ಎಲೆ ಅಡಿಕೆಯನ್ನೂ ಮುಟ್ಟದೆ, ಏನೂ ಕೇಳಿಸದ ಸಂಗೀತಕ್ಕೆ ಸುಮ್ಮನೆ ಕುಳಿತಿದ್ದರು. ಇವರು ಕಹಳೆಯನ್ನು ಗೋಡೆಗೆ ಒರಗಿಸಿ, ತಾಯಿಯ ಕಾಲ ಬಳಿ ಕುಳಿತುಕೊಂಡರು. ಎರಡನೆಯ ಹಾಡಿಗೆ ತಾಳ ನಿಧಾನವಾಯಿತು. ಒಂದು ಕಡೆ ಅತ್ತೆ ತಮಗೇ ಗೊತ್ತಿಲ್ಲದೆ ತಲೆ ಅಲ್ಲಾಡಿಸಿ ಮುಗುಳ್ನಕ್ಕರು. ಅಲ್ಲಿ ಅವಳು ಏನು ಮಾಡಿದಳೋ ಅದು ಅವರಿಬ್ಬರಿಗೇ ಗೊತ್ತು.

ತಾಳ ನಿಂತಿತು. ಅತ್ತೆ ಕಣ್ಣು ತೆರೆದರು. ನನ್ನ ಕೈ ಬಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಿನ ಆಚೆ ಕುಳಿತಿದ್ದ ಗಂಡನನ್ನು ಹುಡುಕಿದರು. ಹೆಂಗಸರು ಜಗಲಿಯ ಗಂಡಸರ ಮುಂದೆ ಗಂಡನನ್ನು ಕೂಗಿ ಮಾತಾಡಿಸುವ ಕಾಲವಲ್ಲ ಅದು. ಅವರಿಗೆ ಅದೆಲ್ಲ ಮರೆತೇಹೋಗಿತ್ತು. ಹೊಸಿಲ ಹತ್ತಿರ ಹೋಗಿ, ಕಿವಿ ಕೇಳದವರ ದೊಡ್ಡ ದನಿಯಲ್ಲಿ, ಬೀದಿಗೆಲ್ಲ ಕೇಳಿಸುವಂತೆ ಕೇಳಿದರು:

"ನಿಮಗೂ ಕೇಳಿಸ್ತಾ?"

ಮಾವ ಎದ್ದು ನಿಂತರು. ಹೆಂಡತಿಗೆ ಚೆನ್ನಾಗಿ ಕಾಣಲಿ ಎಂದು ದೊಡ್ಡದಾಗಿ ತಲೆಯಾಡಿಸಿದರು.

"ಕೇಳಿಸ್ತು ಕಣೇ. ಎಲ್ಲಾ ಕೇಳಿಸ್ತು."

ಅವರ ಹಿಂದೆ ಕುಳಿತಿದ್ದ ಬೈರಕೂರಿನವರು ತಲೆಯಾಡಿಸಿದರು. ಮಂಡಿಯವರು ಆಡಿಸಿದರು. ಜಮಖಾನದ ಆ ತುದಿಯವರೆಗೂ ಒಬ್ಬೊಬ್ಬರಾಗಿ ಎಲ್ಲರೂ ಆಡಿಸಿದರು.